ಚಂದ್ರನ ಗಣಿಯಲ್ಲಿ ಸಿಕ್ಕಿಬಿದ್ದ ಮುದುಕ

ನನ್ನ ಮೊಮ್ಮಗಳು ಗಟ್ಟಿಯಾಗಿ ಪುಸ್ತಕ ಓದುವಾಗ ಪುಟ ತಿರುವುವ ಸದ್ದಿನ ಮೇಲೆ ನಾನು ಕಿವಿ ಇಟ್ಟಿರುತ್ತೇನೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಹೇಗೆ ಗೊತ್ತಾಗಬೇಕು? ಇಪ್ಪತ್ತೇಳು ವರ್ಷ ನೆಲದಡಿಯಲ್ಲಿ ಕಿವಿಯಿಂದಲೇ ಬದುಕಿದವನು ನಾನು. ನಂದಿದುರ್ಗದ ಚಿನ್ನದ ಗಣಿಯಲ್ಲಿ ಟಿಂಬರ್ ಆಳು. ಅಂದರೆ ಬಂಡೆ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವವನು. ಎಲ್ಲರಿಗಿಂತ ಮುಂಚೆ ಒಳಗೆ ಹೋಗಿ, ಕಬ್ಬಿಣದ ಸಲಾಕೆಯಲ್ಲಿ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡುವುದು ನನ್ನ ಕೆಲಸ. ಗಟ್ಟಿ ಬಂಡೆ ಠಣ್ ಅನ್ನುತ್ತದೆ. ಬಿಟ್ಟುಕೊಂಡಿರುವ ಬಂಡೆ ದೊಬ್ ಅನ್ನುತ್ತದೆ. ದೊಬ್ ಅಂದ ಕಡೆ ಒಂದು ಗಳಿಗೆಯೂ ನಿಲ್ಲಬಾರದು. ಹೀಗಾಗಿ ಅನುಮಾನವೇ ನನ್ನ ಕಸುಬಾಗಿತ್ತು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಮದುವೆ ಛತ್ರದಲ್ಲಿ ಊಟಕ್ಕೆ ಕೂತರೆ ಎಲೆಯ ಕಡೆ ನೋಡುವ ಮೊದಲು ಮೇಲಿನ ತಾರಸಿಯನ್ನು ನೋಡುತ್ತೇನೆ.

ಇಂಥ ಅನುಮಾನದ ಪ್ರಾಣಿಗೆ ಎಪ್ಪತ್ತು ದಾಟಿದ ಮೇಲೆ ಆಕಾಶದ ಕತೆಗಳ ಹುಚ್ಚು ಹಿಡಿಯಿತು ಅಂದರೆ ನಂಬುತ್ತೀರಾ? ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ. ಹೇಳದಿದ್ದರೆ ಹೊಟ್ಟೆ ಉಬ್ಬಿ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿ, ಆಮೇಲೆ ಕುರಿ ಹಿಂದೆ ಹೋಗಿ, ಆಮೇಲೆ ಗಣಿಗೆ ಇಳಿದವನು ನಾನು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ. ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ತಿದ್ದುವ ನೆಪದಲ್ಲಿ ತನ್ನ ಬಗ್ಗೆ ಬರೆದದ್ದನ್ನು ಹೊಡೆದು ಹಾಕಿದಳೇನೋ ಎಂದು ಮತ್ತೆ ಒಂದು ಸಲ ಕೂಡಿಸಿ ಓದಿ ನೋಡಿದ್ದೇನೆ.

ಇದು ಶುರುವಾದದ್ದು ನಮ್ಮವರ ನೌಕೆ ಚಂದ್ರನ ಮೇಲೆ ಇಳಿದ ಸಂಜೆ. ನಮ್ಮ ಲೈನಿನ, ಅಂದರೆ ಗಣಿಯವರ ಸಾಲುಮನೆಗಳ, ಅರ್ಧ ಜನ ನಮ್ಮ ಮನೆಯ ಟೀವಿ ಮುಂದೆ ಕೂತಿದ್ದರು. ಇಳಿದ ಕೂಡಲೇ ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ತಟ್ಟಿ ಮುಗಿಸಿ ಕೇಳಿದೆ.

"ಇಳ್ಸಿದ್ದೇನೋ ಸರಿ. ಮ್ಯಾಲಕ್ಕೆ ಎತ್ತೋರು ಯಾರು?"

"ಯಾರೂ ಎತ್ತಲ್ಲ ತಾತಾ. ಅದು ಅಲ್ಲೇ ಇರುತ್ತೆ" ಅಂದಳು ಮೊಮ್ಮಗಳು.

"ಅಲ್ಲೇ ಅಂದ್ರೆ? ಶಿಫ್ಟ್ ಮುಗುದ್ ಮ್ಯಾಲೆ?"

"ಅಯ್ಯೋ ತಾತಾ, ಅದು ಮಿಷಿನ್ನು. ಅದಕ್ಕೇನು ಹೆಂಡ್ತಿ ಮಕ್ಕಳು ಇದಾರಾ?"

ಎಲ್ಲರೂ ನಕ್ಕರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕೆಳಗೆ ಇಳಿಸಿದ್ದನ್ನು ಮೇಲಕ್ಕೆ ತರುವ ದಾರಿ ಇಟ್ಟುಕೊಳ್ಳದೆ ಯಾರನ್ನೂ ಇಳಿಸಬಾರದು. ನನಗೆ ತಿಳಿದಿರುವುದು ಅಷ್ಟೇ. ನನ್ನ ಸಪ್ಪೆ ಮುಖ ನೋಡಿ ಮರುದಿನ ಅವಳು ಶಾಲೆಯ ಲೈಬ್ರರಿಯಿಂದ ಒಂದು ಪುಸ್ತಕ ತಂದಳು. ಹೋದವರು ವಾಪಸ್ಸು ಬರುವ ಕತೆ. ಜಗುಲಿಯ ಕಲ್ಲಿನ ಮೇಲೆ ಕೂತು ಓದಿ ಹೇಳಿದಳು. ಮುಗಿಯುವ ಹೊತ್ತಿಗೆ ನನ್ನ ಕಾಫಿ ಆರಿಹೋಗಿತ್ತು.

ಅವಳು ನನ್ನ ಮಗಳ ಮಗಳು. ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿ ಕೆಲಸಕ್ಕೆ ಹೋಗುವುದರಿಂದ ನಮ್ಮ ಜೊತೆಯಲ್ಲೇ ಬೆಳೆದವಳು. ಬಂಗಾರಪೇಟೆಯ ಹೈಸ್ಕೂಲಿಗೆ ರೈಲಿನಲ್ಲಿ ಹೋಗಿ ಬರುತ್ತಾಳೆ, ಒಂಬತ್ತನೇ ಕ್ಲಾಸು. ದಿನಾ ಸಂಜೆ ರೈಲಿನಿಂದ ಇಳಿದು ಮನೆಗೆ ಬಂದು, ಬಾಯಿಗೆ ಏನಾದರೂ ಹಾಕಿಕೊಂಡು, ದೀಪ ಹಚ್ಚುವವರೆಗೆ ನನಗೆ ಓದಿ ಹೇಳುವುದು ಅಭ್ಯಾಸವಾಯಿತು. ಏನೇನು ಕತೆಗಳು! ಮಂಗಳ ಗ್ರಹದಲ್ಲಿ ಆಲೂಗಡ್ಡೆ ಬೆಳೆಯುವವರು, ನೂರು ವರ್ಷ ನಿದ್ದೆ ಮಾಡುತ್ತಾ ಹೋಗುವವರು, ಆರು ಕಣ್ಣಿನವರು. ಆರು ಕಣ್ಣನ್ನು ನಾನು ಒಪ್ಪುತ್ತಿದ್ದೆ. ಆದರೆ ಒಂದು ಕತೆಯಲ್ಲಿ ಇನ್ನೂರು ಜನ ಸುರಂಗದಲ್ಲಿ ಇದ್ದರು, ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಬರೆದವನು ಹೇಳಲೇ ಇಲ್ಲ. ಅದನ್ನು ನಾನು ಒಪ್ಪಲಿಲ್ಲ.

"ಓದೋದ್ ನಿಲ್ಸಮ್ಮಣ್ಣಿ. ಇವ್ರೆಲ್ಲ ಸತ್ತು ಎಷ್ಟೊತ್ತೋ ಆಯ್ತು."

"ಇನ್ನೂ ಎರಡು ಪುಟ ಆಗಿಲ್ಲ ತಾತಾ!"

"ಗಾಳಿ ಇಲ್ದೆ ಎರಡು ಪುಟ ಎಂಗಿರ್ತಾರೆ?"

ಆಕಾಶದಲ್ಲಿ ಸುತ್ತುವ ನಿಲ್ದಾಣ ನಮ್ಮ ಊರಿನ ಮೇಲೆ ಎಷ್ಟು ಹೊತ್ತಿಗೆ ಹಾದುಹೋಗುತ್ತದೆ ಎಂದು ಅವಳು ಫೋನಿನಲ್ಲಿ ನೋಡಿ ಹೇಳುತ್ತಿದ್ದಳು. ಮುಸ್ಸಂಜೆಯಲ್ಲಿ ಇಬ್ಬರೂ ಬಯಲಿಗೆ ಹೋಗಿ ನಿಲ್ಲುತ್ತಿದ್ದೆವು. ಅದು ಬಂದಾಗ ಒಳಗಿರುವವರಿಗೆ ನಾನು ಕೈ ಬೀಸುತ್ತಿದ್ದೆ. ಪಾಳಿಯಲ್ಲಿರುವವರಿಗೆ ಕೈ ಬೀಸದೆ ಇರಲು ನನ್ನಿಂದಾಗದು. ಗೋಡೆಗೆ ಅವಳು ಬಳೆ ತೊಟ್ಟ ಶನಿಗ್ರಹದ ಚಿತ್ರ ಅಂಟಿಸಿದಾಗ ನನ್ನ ಹೆಂಡತಿ ಕೆಂಡವಾದಳು.

"ಊರೋರೆಲ್ಲ ಶನಿ ಮನೆ ಬಿಟ್ಟು ಓಗ್ಲಿ ಅಂತ ಎಳ್ಳೆಣ್ಣೆ ದೀಪ ಅಚ್ತಾರೆ. ನೀವಿಬ್ರು ಗೋಂದು ಆಕಿ ಅಂಟಿಸ್ಕತೀರಾ?"

ಕೊನೆಗೆ ಒಲೆಯ ಕಡೆಗೆ ಮುಖವಿರಬಾರದು ಎಂಬ ಕರಾರಿನ ಮೇಲೆ ಶನಿಗೆ ನನ್ನ ಮಂಚದ ಪಕ್ಕ ಜಾಗ ಸಿಕ್ಕಿತು. ಆಕಾಶದ ಮಾತು ಬಂದರೆ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು. ಒಳಗೆ ಹೋದರೂ ಪಾತ್ರೆ ಸದ್ದು ನಿಂತಿರುತ್ತಿತ್ತು ಎನ್ನುವುದನ್ನೂ ನಾನು ಗಮನಿಸಿದ್ದೆ.

ಒಂದು ಕತೆಯಲ್ಲಿ ಮಾತ್ರ ಎಡವಟ್ಟಾಯಿತು. ಒಂದು ನಾಯಿಯನ್ನು ಆಕಾಶಕ್ಕೆ ಕಳಿಸುತ್ತಾರೆ, ಅದು ವಾಪಸ್ಸು ಬರುವುದಿಲ್ಲ. ಆ ಸಂಜೆ ನನಗೆ ಮುದ್ದೆ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಮೊಮ್ಮಗಳು ಹೆದರಿ ಅತ್ತುಬಿಟ್ಟಳು. ಆಮೇಲೆ ಎಷ್ಟೋ ದಿನ ನಾಯಿ, ಮುದುಕರು, ಮಕ್ಕಳು ಇರುವ ಕತೆಯನ್ನು ಅವಳು ತರಲೇ ಇಲ್ಲ.

ಹೀಗಿರುವಾಗ ಬಂಗಾರಪೇಟೆಯ ಹಳೇ ಪೇಪರ್ ಅಂಗಡಿಯಿಂದ ಅವಳು ಒಂದು ದಪ್ಪ ಪುಸ್ತಕ ತಂದಳು. ರಟ್ಟು ಇಲ್ಲ, ಹೆಸರಿಲ್ಲ, ಬರೆದವರು ಯಾರು ಎನ್ನುವುದೂ ಇಲ್ಲ. ಚಂದ್ರನ ಮೇಲೆ ಗಣಿ ತೋಡುವವರ ಕತೆ! ಕೇಳಿದ ತಕ್ಷಣ ನಾನು ಕುಣಿದುಬಿಟ್ಟೆ. ಗಾಳಿಗೆ ಕೊಳವೆ ಹಾಕಿದ್ದರು, ನಮ್ಮ ಕೇಜಿನ ಹಾಗೆ ಮೇಲೆ ಹತ್ತುವ ಇಳಿಯುವ ತೊಟ್ಟಿಲು ಇತ್ತು, ಹಾಜರಿ ಕೂಗುತ್ತಿದ್ದರು. ಬರೆದವನು ಪರವಾಗಿಲ್ಲ, ಕಸುಬು ಬಲ್ಲವನು ಅಂದುಕೊಂಡೆ. ಅದರಲ್ಲಿ ನನ್ನ ಹಾಗೆಯೇ ಒಬ್ಬ ಮುದುಕ, ಕಂಬ ನಿಲ್ಲಿಸುವವನು. ಗೌರಿ ಹಬ್ಬದ ಹಿಂದಿನ ದಿನ ಅವಳು ಓದಿದ ಭಾಗದಲ್ಲಿ ಬಂಡೆ ಕುಸಿದು ಆ ಮುದುಕ ಒಳಗೆ ಸಿಕ್ಕಿಬಿದ್ದ. ನಾನು ಕಲ್ಲಿನಿಂದ ಎದ್ದು ನಿಂತಿದ್ದೆ.

"ಮುಂದುಕ್ಕೆ ಓದು!"

"ನಾಳೆ ತಾತಾ" ಅಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಮರುದಿನ ಹಬ್ಬದ ಗಲಾಟೆಯಲ್ಲೂ ಪುಸ್ತಕ ಹಿಡಿದು ಕೂತಳು. ಮುದುಕ ಬದುಕಿದ್ದ. ಕಾಲು ಸಿಕ್ಕಿಕೊಂಡಿದೆ, ಗಾಳಿ ಕೊಳವೆ ಮುರಿದಿಲ್ಲ. ಅದರ ಮರುದಿನವೂ ಬದುಕಿದ್ದ. ವಾರ ಕಳೆಯಿತು, ಅವನು ಒಳಗೇ ಇದ್ದ. ತಮಾಷೆ ಮಾಡುತ್ತಿದ್ದ, ಹಾಡುತ್ತಿದ್ದ, ಇದ್ದ ಊಟದಲ್ಲಿ ತುತ್ತು ತುತ್ತೇ ತಿನ್ನುತ್ತಿದ್ದ. ಒಂದು ಸಂಜೆ ಅವಳು ಓದಿದಳು: ಮುದುಕ ತಿನ್ನುವ ಮೊದಲು ಒಂದು ಚೂರನ್ನು ಕಂಬದ ಬುಡದಲ್ಲಿ ಇಲಿಗೆಂದು ಇಟ್ಟ.

ಇಲಿಗೆ ಚೂರು ಇಡುವುದು ನಾವು. ಕೆಳಗೆ ಬುತ್ತಿ ಬಿಚ್ಚಿದರೆ ಮೊದಲ ಚೂರು ಇಲಿಗೆ. ಬಂಡೆ ಅಲುಗುವುದು ಮನುಷ್ಯನಿಗೆ ಗೊತ್ತಾಗುವ ಮುಂಚೆ ಅದಕ್ಕೆ ಗೊತ್ತಾಗುತ್ತದೆ. ಇಲಿ ಓಡಿದರೆ ನಾವೂ ಬುತ್ತಿ ಬಿಟ್ಟು ಓಡುತ್ತಿದ್ದೆವು. ಆದರೆ ಚಂದ್ರನ ಮೇಲೆ ಇಲಿ ಎಲ್ಲಿಂದ ಬಂತು?

ನನಗೆ ಒಬ್ಬ ಗೆಳೆಯನಿದ್ದಾನೆ, ಹಿಂದಿನ ಲೈನಿನವನು. ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಬಾಯಲ್ಲಿ ಕೂತು ನಮ್ಮನ್ನು ಇಳಿಸುವ, ಎತ್ತುವ ದೊಡ್ಡ ಇಂಜಿನ್ನಿನ ಡ್ರೈವರ್ ಆಗಿದ್ದ. ಮನೆಮಾತು ತಮಿಳು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಮರುದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ಅವನಿಗೆ ವಿಷಯ ಹೇಳಿದೆ. ಅವನು ಗ್ಲಾಸು ಕೆಳಗಿಟ್ಟ.

"ಅಣ್ಣೇ, ಆ ಬುಕ್ ಬರ್ದೋನು ನಮ್ ಮೈನಲ್ಲಿ ಇಳ್ದಿದಾನೆ. ಡೌಟೇ ಇಲ್ಲ."

"ನಂಗೂ ಅದೇ ಅನ್ಮಾನ ಕಣ್ಲಾ. ಯಾರಿರಬೌದು?"

"ಒಬ್ಬ ಬಂದಿದ್ನಲ್ಲ, ಕನ್ನಡ್ಕ ಹಾಕ್ಕೊಂಡು, ಎಲ್ಲಾದ್ಕೂ ಯಾಕೆ ಯಾಕೆ ಅಂತಿದ್ನಲ್ಲ. ಕೇಜ್ ಒಳಗೆ ವಾಂತಿ ಮಾಡ್ದ."

"ಅವ್ನು ನೀರಿನ ಪಂಪು ರಿಪೇರಿಗೆ ಬಂದೋನು."

"ರಿಪೇರಿಯವ್ನು ಬುಕ್ ಬರೀಬಾರ್ದಾಪ್ಪಾ?"

ಪಕ್ಕದ ಗಣಿ ಮೈಸೂರು ಮೈನ್ಸ್‌ನವರು ಇಲಿಗೆ ಅನ್ನ ಇಡುತ್ತಿದ್ದರೋ ರೊಟ್ಟಿಯೋ, ಕತೆಯವನು ಯಾವ ಗಣಿಯವನು ಎಂದು ಅರ್ಧ ದಿನ ವಾದ ನಡೆಯಿತು. ಆವತ್ತಿನಿಂದ ಸಂಜೆ ಅವನೂ ಬಂದು ಜಗುಲಿಯಲ್ಲಿ ಕೂರತೊಡಗಿದ. ಮೊಮ್ಮಗಳು ಅವನನ್ನು ಇಂಜಿನ್ ತಾತಾ ಅನ್ನುತ್ತಾಳೆ. ಅವನನ್ನು ಕಂಡು ಅವಳಿಗೆ ಖುಷಿಯಾಗಬೇಕಿತ್ತು. ಯಾಕೋ ಬೆವರಿದಳು.

ಆಗ ನಾನು ಪುಟದ ಸದ್ದಿಗೆ ಕಿವಿ ಕೊಡಲು ಶುರು ಮಾಡಿದೆ. ಮೊದಲೆಲ್ಲ ಅವಳು ಓದುವಾಗ ನಾಲ್ಕು ಗುಟುಕು ಕಾಫಿಗೆ ಒಂದು ಸಲ ಪುಟ ತಿರುಗುತ್ತಿತ್ತು. ಈಗ ಲೋಟ ಮುಗಿದರೂ ತಿರುಗುವುದಿಲ್ಲ. ತಿರುಗಿದರೆ ಒಟ್ಟಿಗೆ ಎರಡೆರಡು. ಕೆಲವು ಸಲ ಹಿಂದಕ್ಕೂ ತಿರುಗುತ್ತಿತ್ತು. ಮೊದಲು ಇಲ್ಲದ ಒಂದು ತಡವರಿಕೆ, ಮಾತಿನ ನಡುವೆ ಉಸಿರು ಹಿಡಿದು ಹುಡುಕುವಂಥದ್ದು. ಪುಸ್ತಕಕ್ಕೆ ನ್ಯೂಸ್ ಪೇಪರಿನ ಹೊದಿಕೆ ಬೇರೆ ಬಂದಿತ್ತು. ನಾನು ಕೈ ಚಾಚಿದರೆ, "ಹಾಳೆ ಉದುರುತ್ತೆ ತಾತಾ, ಮುಟ್ಟಬೇಡ" ಅನ್ನುತ್ತಿದ್ದಳು. ಬರುವ ರೈಲೂ ತಪ್ಪುತ್ತಿತ್ತು. ವಾರಕ್ಕೆ ಎರಡು ದಿನ ಅದರ ನಂತರದ ರೈಲಿಗೆ ಬರುತ್ತಿದ್ದಳು.

ದೊಬ್ ಅಂತು ನನ್ನ ಎದೆ.

ಆ ಮುದುಕ ಸತ್ತುಹೋಗಿದ್ದಾನೆ ಎಂದು ನನಗೆ ಖಚಿತವಾಯಿತು. ಪುಸ್ತಕದಲ್ಲಿ ಅವನು ಗೌರಿ ಹಬ್ಬದ ದಿನವೇ ಸತ್ತಿದ್ದಾನೆ. ನಾಯಿಯ ಕತೆಗೆ ಎರಡು ದಿನ ಊಟ ಬಿಟ್ಟ ತಾತನಿಗೆ ಇದನ್ನು ಹೇಗೆ ಹೇಳುವುದೆಂದು ಹುಡುಗಿ ದಿನಾ ಅವನನ್ನು ಬದುಕಿಸಿಕೊಂಡು ಬರುತ್ತಿದ್ದಾಳೆ.

ಬೇರೆ ಯಾವ ಸುಳ್ಳಾದರೂ ಹೇಳಲಿ, ನಾನು ನಕ್ಕು ಬಿಡುತ್ತೇನೆ. ಇದೊಂದನ್ನು ತಾಳಲಾರೆ. ಯಾಕೆಂದರೆ ಈ ಸುಳ್ಳನ್ನು ನಾನೇ ಹೇಳಿದ್ದೇನೆ. ನನಗೆ ಆಗ ಇಪ್ಪತ್ತೈದೋ ಇಪ್ಪತ್ತಾರೋ. ಜೊತೆಗಾರನೊಬ್ಬ ಕೆಳಗೆ ಬಂಡೆಗೆ ಸಿಕ್ಕಿದ. ಮೇಲೆ ಬಂದರೆ ಅವನ ತಾಯಿ ಗೇಟಿನ ಹತ್ತಿರ ನಿಂತಿದ್ದಾಳೆ. ನನ್ನ ತೋಳು ಹಿಡಿದು ಕೇಳಿದಳು. "ಬತ್ತಾನೆ ಕಣಮ್ಮ, ಮುಂದಿನ ಕೇಜಲ್ಲಿ ಬತ್ತಾನೆ" ಅಂದೆ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಕೆ ಒಂದೊಂದು ಕೇಜ್ ಬಂದಾಗಲೂ ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಆ ಕರುಣೆ ಎಂಥ ಕೆಟ್ಟದ್ದು ಎನ್ನುವುದನ್ನು ಅಲ್ಲಿ ನಿಂತು ನೋಡಿದ್ದೇನೆ. ನೆಲದಡಿಯಲ್ಲಿರುವವನ ಸುದ್ದಿಯನ್ನು ಯಾರಿಗೂ ಸುಳ್ಳು ಹೇಳಬಾರದು. ಕತೆಯ ಮನುಷ್ಯನಾದರೂ ಅಷ್ಟೇ. ನನ್ನ ಮೊಮ್ಮಗಳು, ನನ್ನ ಕಣ್ಣಿನ ಬೆಳಕು, ಈ ಅಭ್ಯಾಸವನ್ನು ನನ್ನಿಂದ ಕಲಿಯಬಾರದು.

ಅವಳು ಶಾಲೆಗೆ ಹೋದ ಮೇಲೆ ಅವಳ ಟ್ರಂಕಿನಿಂದ ಪುಸ್ತಕ ತೆಗೆದೆ. ಕನ್ನಡಕ ಹಾಕಿಕೊಂಡು ಕೊನೆಯ ಪುಟಕ್ಕೆ ಹೋದೆ. ಅಕ್ಷರಕ್ಕೆ ಅಕ್ಷರ ಕೂಡಿಸಿದೆ. ಬಂಡೆ ಬೀಳುತ್ತದೆ, ದೀಪ ಆರುತ್ತದೆ, ಮುದುಕ ಕೈ ಚಾಚುತ್ತಾನೆ, ಚಾಚಿದ ಕೈ... ಅಷ್ಟೇ. ವಾಕ್ಯ ಅರ್ಧಕ್ಕೆ ನಿಂತಿತ್ತು. ಅಲ್ಲಿಂದಾಚೆ ಹೊಲಿಗೆ ದಾರ ನೇತಾಡುತ್ತಿತ್ತು, ಹಾಳೆಗಳೇ ಇಲ್ಲ. ಪುಸ್ತಕದ ಅರ್ಧ ಭಾಗವೇ ಇಲ್ಲ!

ಬೆರಳು ಮಡಚಿ ಲೆಕ್ಕ ಹಾಕಿದೆ. ಗೌರಿ ಹಬ್ಬದಿಂದ ಆವತ್ತಿಗೆ ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನ ನಾವು ಕೇಳಿದ್ದು ಎಲ್ಲಿಂದ?

ಇಂಜಿನ್ ಡ್ರೈವರನನ್ನು ಎಬ್ಬಿಸಿಕೊಂಡು ಊರ್ಗಾಂ ಸ್ಟೇಷನ್ನಿಗೆ ಹೋಗಿ ಮಧ್ಯಾಹ್ನದ ರೈಲು ಹತ್ತಿದೆ. ಉಳಿದರ್ಧ ಆ ಪೇಪರ್ ಅಂಗಡಿಯಲ್ಲೇ ಇರಬೇಕು, ಹುಡುಗಿ ಅಲ್ಲೇ ನಿಂತು ಓದಿಕೊಂಡು ಬಂದು ನಮಗೆ ಬೇಕಾದ್ದಷ್ಟೇ ಹೇಳುತ್ತಿದ್ದಾಳೆ ಎನ್ನುವುದು ನನ್ನ ಅನುಮಾನ. ಅಂಗಡಿಯವನು ತಕ್ಕಡಿಯ ಹಿಂದೆ ಕೂತಿದ್ದ. ಪುಸ್ತಕ ತೋರಿಸಿದೆ.

"ಇದುರ್ದು ಇನ್ನರ್ಧ ಎಲ್ಲಪ್ಪಾ?"

ಅವನು ಹಣೆ ಚಚ್ಚಿಕೊಂಡ. "ನೀವೂ ಬಂದ್ರಾ? ಆ ಯೂನಿಫಾರಮ್ ಉಡುಗಿ ನಿಮ್ ಕಡೇದಾ? ನನ್ ಗೋಡೌನೆಲ್ಲ ತಿರುವಿ ಆಕವ್ಳೆ! ನಾಕ್ ದಪ ಬಂದ್ಲು. ಒಂದೊಂದು ಮೂಟೆ ಬಿಚ್ಚಿ ನೋಡ್ತಾಳೆ. ಆ ಅರ್ಧ ಕಡ್ಲೆಕಾಯಿ ಪೊಟ್ಲಕ್ಕೆ ಓಗ್ಬುಡ್ತು ತಾಯಿ ಅಂದ್ರೆ, ಯಾರ್ಗೆ ಕೊಟ್ರಿ ಅವ್ರ ಅಡ್ರೆಸ್ ಕೊಡಿ ಅಂತಾಳೆ. ಕೊನೆಗೆ ಅಲ್ಲೇ ಕೂತು ಅತ್ಬುಟ್ಲು."

ನಾವಿಬ್ಬರೂ ಸ್ಟೇಷನ್ನಿಗೆ ನಡೆದೆವು.

ವಾಪಸ್ಸು ಬರುವ ರೈಲು ಅವಳದೇ. ಅವಳು ಹತ್ತುವುದನ್ನು ನೋಡಿ, ಅದೇ ಡಬ್ಬಿಯ ಇನ್ನೊಂದು ಬಾಗಿಲಿನಿಂದ ಹತ್ತಿ, ಸೊಪ್ಪಿನ ಮೂಟೆಗಳ ಹಿಂದೆ ಕೂತೆವು. ಎಪ್ಪತ್ತು ದಾಟಿದ ಇಬ್ಬರು ಕಳ್ಳರು. ಅವಳು ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯತೊಡಗಿದಳು. ಬರೆಯುತ್ತಾಳೆ, ಹೊಡೆದು ಹಾಕುತ್ತಾಳೆ, ತುಟಿ ಅಲುಗಿಸುತ್ತಾಳೆ, ಕಿಟಕಿಯ ಹೊರಗೆ ನೋಡುತ್ತಾಳೆ, ಮತ್ತೆ ಬರೆಯುತ್ತಾಳೆ. ಒಂದು ಸಲ ತನ್ನಷ್ಟಕ್ಕೆ ಇಲ್ಲ ಇಲ್ಲ ಎಂದು ತಲೆ ಆಡಿಸಿದಳು.

"ಅಣ್ಣೇ" ಎಂದು ಗೆಳೆಯ ನನ್ನ ಕಿವಿಯಲ್ಲಿ ಅಂದ. "ಪಂಪ್ ರಿಪೇರಿಯವ್ನು ಅಲ್ಲಾಪ್ಪಾ. ಆ ಇಲಿ ಬರ್ದಿದ್ದು ನಿನ್ ಮೊಮ್ಮಗ್ಳು."

ನನಗೆ ಅಲ್ಲೇ ಎದ್ದು ಕೂಗಬೇಕು ಅನ್ನಿಸಿತು. ಸೊಪ್ಪಿನವರಿಗೆಲ್ಲ ಹೇಳಬೇಕು ಅನ್ನಿಸಿತು: ನೋಡ್ರಪ್ಪ, ಅಗೋ ಅಲ್ಲಿ ಕೂತಿರುವ ಹುಡುಗಿ, ಚಂದ್ರನ ಮೇಲೆ ಹತ್ತೊಂಬತ್ತು ದಿನದಿಂದ ಒಬ್ಬ ಮನುಷ್ಯನ ಜೀವ ಹಿಡಿದಿಟ್ಟಿದ್ದಾಳೆ! ಕಣ್ಣು ತುಂಬಿ ಬಂತು. ಆದರೆ ಅನುಮಾನ ಎನ್ನುವುದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅವಳೇ ಬರೆಯುತ್ತಿದ್ದಾಳೆ, ಸರಿ. ಆ ಮುದುಕ ಬದುಕಿರುವುದು ಬದುಕುವ ದಾರಿ ಇರುವುದರಿಂದಲೋ, ನಾನು ಊಟ ಬಿಡುತ್ತೇನೆ ಎಂದೋ?

ಸಂಜೆ ಅವಳು ಕೈಕಾಲು ತೊಳೆಯುವಷ್ಟರಲ್ಲಿ ಪುಸ್ತಕವನ್ನು ಟ್ರಂಕಿಗೆ ಸೇರಿಸಿದ್ದೆ. ಅವಳು ಎಂದಿನಂತೆ ಅದನ್ನು ತಂದು ಬಿಚ್ಚಿದಳು. ಗೆಳೆಯ ಕಂಬಕ್ಕೆ ಒರಗಿ ಕೂತಿದ್ದ. ನಾನು ಪುಸ್ತಕದ ಮೇಲೆ ಕೈ ಇಟ್ಟೆ.

"ಪಾಪಾ, ಸುಳ್ ಯೇಳ್ಬಾರ್ದು. ಆ ಮನ್ಸ ಬದ್ಕವ್ನೋ ಸತ್ನೋ?"

ಅವಳು ನನ್ನ ಮುಖ ನೋಡಿದಳು, ಪುಸ್ತಕ ನೋಡಿದಳು. ಗೊತ್ತಾಯಿತು.

"ಗೊತ್ತಿಲ್ಲ ತಾತಾ" ಅಂದಳು. "ನಿಜವಾಗ್ಲೂ ಗೊತ್ತಿಲ್ಲ. ಪುಸ್ತಕ ಅಲ್ಲಿಗೇ ಮುಗಿದೋಯ್ತು. ಉಳಿದಿದ್ದು ಸಿಗೋವರೆಗೂ ಒಂದು ದಿನ ನಾನೇ ಹೇಳೋಣ ಅಂದ್ಕೊಂಡೆ. ಸಿಗಲೇ ಇಲ್ಲ."

"ನಾನು ಊಟ ಬಿಟ್ಬುಡ್ತೀನಿ ಅಂತ ಉಳುಸ್ಕಂಡಿದೀಯಾ ಅವುನ್ನ?"

"ಮೊದಲು ಎರಡು ದಿನ ಹಂಗೇ. ಆಮೇಲೆ ಇಲ್ಲ. ಆಮೇಲೆ ನಂಗೇ ಅವನನ್ನ ಮೇಲಕ್ಕೆ ತರಬೇಕು ಅನ್ನಿಸ್ತು. ಆದರೆ ಹೆಂಗೆ ತರೋದು ಅಂತ ಗೊತ್ತಾಗ್ತಿಲ್ಲ ತಾತಾ. ಬಂಡೆ ಬಿದ್ದರೆ ಹೆಂಗೆ ತೆಗೀತಾರೆ? ದಿನಾ ಬರೀತೀನಿ, ಅವನು ಅಲ್ಲೇ ಇರ್ತಾನೆ. ಇನ್ನು ಅವನಿಗೆ ಮೂರು ದಿನಕ್ಕಷ್ಟೇ ಊಟ ಇದೆ."

"ನನ್ ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಪುಸ್ತಕ ಇಲ್ಲ ಅಂತ ಗೊತ್ತಾಗ್ತಿತ್ತಲ್ಲ!"

ನಾನು ಗೇಟಿನ ಬಳಿ ನಿಂತಿದ್ದ ತಾಯಿಯ ಕತೆಯನ್ನು ಅವಳಿಗೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿ, "ನೋಡಮ್ಮಣ್ಣಿ, ತೆಗಿಯೋಕಾದ್ರೆ ತೆಗಿಯಾಣ. ಆಗ್ದಿದ್ರೆ ಆಗಲ್ಲ ಅಂತ ಬರಿ. ನಾನು ಮುದ್ದೆ ಉಂಡೇ ಉಣ್ತೀನಿ. ಆದ್ರೆ ದಾರಿ ಇಲ್ದೆ ತರ್ಬೇಡ" ಅಂದೆ. ಅವಳು ಕಣ್ಣೊರೆಸಿಕೊಂಡು ತಲೆ ಆಡಿಸಿದಳು.

ಆಮೇಲಿನ ಮೂರು ಸಂಜೆಗಳನ್ನು ನಾನು ಹೇಗೆ ವರ್ಣಿಸಲಿ! ಜಗುಲಿಯ ನೆಲದ ಮೇಲೆ ಇದ್ದಿಲಿನಲ್ಲಿ ಚಂದ್ರನ ಗಣಿ ಬರೆದೆವು. ಶಾಫ್ಟು ಇಲ್ಲಿ, ಸುರಂಗ ಇಲ್ಲಿ, ಬಿದ್ದ ಬಂಡೆ ಇಲ್ಲಿ, ಮುದುಕ ಅಲ್ಲಿ. ಬಿದ್ದ ಕಲ್ಲನ್ನು ಎದುರಿನಿಂದ ಎಳೆಯಬಾರದು, ಮೇಲಿನದೂ ಬರುತ್ತದೆ. ಪಕ್ಕದಿಂದ ಸಣ್ಣ ದಾರಿ ಮಾಡಿ, ಮೊಳಕ್ಕೊಂದು ಕಂಬ ಕೊಟ್ಟುಕೊಂಡು ಹೋಗಬೇಕು ಅಂದೆ. ಚಂದ್ರನ ಮೇಲೆ ಕಲ್ಲಿನ ಭಾರ ಆರರಲ್ಲಿ ಒಂದು ಪಾಲು ಮಾತ್ರ ಅಂದಳು ಅವಳು. ನಾನು ಹಿಗ್ಗಿಹೋದೆ. ಆದರೆ ಗೆಳೆಯ ಒಪ್ಪಲಿಲ್ಲ.

"ಭಾರ ಕಮ್ಮಿ ಅಂದ್ರೆ ಇವನು ಕಂಬ ಕಮ್ಮಿ ಕೊಡ್ತಾನೆ ಪಾಪಾ. ಸೋಂಬೇರಿ. ಬಿಡ್ಬೇಡ."

"ನಾನ್ ಕೊಟ್ಟ ಕಂಬದಡಿ ಒಬ್ರೂ ಸತ್ತಿಲ್ಲ ಕಣ್ಲಾ!"

"ಹೊಸದಾಗಿ ತೋಡೋ ದಾರಿಲಿ ಗಾಳಿ ಇರಲ್ಲ ತಾತಾ. ಬಂಡೆ ತಟ್ಟಿದ್ರೆ ಸದ್ದೇ ಕೇಳಲ್ಲ."

ಕಿವಿಯಿಲ್ಲದೆ ಹೇಗೆ? ಒಳಗೆ ಹೋಗಿ ಬಾಗಿಲಿನ ಅಗುಳಿ ತಂದು ಗೋಡೆಗೆ ತಟ್ಟಿ, ಅವಳ ಕೈಯನ್ನು ಅಗುಳಿಯ ಮೇಲೆ ಇಟ್ಟೆ. ಗಟ್ಟಿ ಗೋಡೆಯಾದರೆ ಒಂದು ಥರ ನಡುಗುತ್ತದೆ, ಗಾರೆ ಬಿಟ್ಟ ಕಡೆ ಇನ್ನೊಂದು ಥರ. ಅವಳ ಕಣ್ಣುಗಳು ಅರಳಿದವು. "ಕೈಯಲ್ಲಿ ಕೇಳುತ್ತೆ!" ಎಂದು ಕಿರುಚಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಂದು ಕಡೆ ನನ್ನ ದಾರಿ ತಪ್ಪಾಗಿತ್ತು. ಗಾಳಿ ಕೊಳವೆಯನ್ನೇ ತುಳಿದುಕೊಂಡು ಹೋಗುತ್ತಿತ್ತು. ಅದನ್ನು ಹಿಡಿದದ್ದು ಅವಳು. ಅಳಿಸಿ ಮತ್ತೆ ಬರೆದೆವು. ಮೂರನೆಯ ಸಂಜೆ, ಅವನ ಕೊನೆಯ ತುತ್ತು ಮುಗಿಯುವ ಹೊತ್ತಿಗೆ, ಎಲ್ಲಿಯೂ ಮೋಸವಿಲ್ಲದೆ, ಕಂಬಕ್ಕೆ ಕಂಬ ಲೆಕ್ಕ ಸರಿಯಾಗಿ, ನಾವು ಮುದುಕನನ್ನು ತಲುಪಿದೆವು.

ಈಗ ಅವನನ್ನು ಮೇಲೆ ತಂದು ನಿಲ್ಲಿಸಬೇಕು. ಅವಳು ಪೆನ್ನು ಹಿಡಿದು ಕೇಳಿದಳು: "ಅಷ್ಟು ದಿನ ಒಳಗಿದ್ದು ಮೇಲೆ ಬಂದೋರು ಮೊದಲು ಏನು ಮಾತಾಡ್ತಾರೆ ತಾತಾ?"

"ಬೀಡಿ ಕೇಳ್ತಾರೆ" ಅಂದ ಗೆಳೆಯ. "ನಾನು ಎತ್ತಿದೋರೆಲ್ಲ ಬೀಡಿನೇ ಕೇಳಿದ್ದು."

"ಟೈಮ್ ಎಷ್ಟು ಅಂತಾರೆ" ಅಂದೆ ನಾನು.

"ಚಂದ್ರನಲ್ಲಿ ಬೀಡಿ ಹತ್ತಲ್ಲ" ಅಂದಳು ಅವಳು.

"ನಿಮ್ ತಲೆ" ಎಂದು ಒಳಗಿನಿಂದ ದನಿ ಬಂತು. ನನ್ನ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಕೆಳಗಿದ್ದೋರ್ಗೇನ್ ಗೊತ್ತು ಏನ್ ಮಾತಾಡಿದ್ರಿ ಅಂತ? ಮ್ಯಾಲ್ ನಿಂತಿದ್ದೋಳ್ನ ಕೇಳಿ. ಈ ಉಡುಗಿ ಅಮ್ಮ ಆಗ ನನ್ ಒಟ್ಟೆಲಿದ್ಲು. ಇವ್ರು ಕೆಳಗೆ ಸಿಕ್ಕಾಕ್ಕಂಡು ಒಂದಿಡೀ ದಿನ, ಮಾರ್ನೇ ದಿನ ಮಧ್ಯಾನದ ಗಂಟ ಬರ್ನಿಲ್ಲ. ನಾನು ಅಲ್ಲೇ ನಿಂತಿದ್ದೆ. ಬಂದ್ರು. ಮಕ ಎಲ್ಲ ಮಣ್ಣು, ಕಣ್ಣೊಂದೇ ಕಾಣ್ತಿದ್ದಿದ್ದು. ನನ್ ನೋಡಿ ಇವ್ರು ಅಂದಿದ್ದು ಒಂದೇ ಮಾತು. ‘ಉಂಡ್ಯಾ?’ ಅಂತ."

ನನಗೆ ಅದು ನೆನಪೇ ಇರಲಿಲ್ಲ. ಈಗಲೂ ಇಲ್ಲ. ಆದರೆ ಅವಳ ಮಾತಿನಲ್ಲಿ ನನಗೆ ಅನುಮಾನ ಬರಲಿಲ್ಲ.

ಮೊಮ್ಮಗಳು ಬರೆಯಲು ಬಗ್ಗಿದವಳು ಹಾಗೆಯೇ ನಿಂತಳು. "ಆದರೆ ಅಜ್ಜಿ, ಹಂಗೆ ಕೇಳಬೇಕು ಅಂದ್ರೆ ಮೇಲೆ ಯಾರಾದ್ರೂ ನಿಂತಿರಬೇಕಲ್ಲ. ಚಂದ್ರನ ಮೇಲೆ ಅವನಿಗೆ ಯಾರೂ ಇಲ್ಲ. ನಿನ್ನನ್ನ ಹಾಕಲಾ?"

"ಥೂ, ನಾನ್ಯಾಕ್ ಓಗ್ಲಿ ಆ ಬೋಳು ಜಾಗಕ್ಕೆ? ಒಂದ್ ಮರ ಇಲ್ಲ, ನೀರಿಲ್ಲ. ಬಟ್ಟೆ ಎಲ್ಲಿ ಒಣಗಾಕೋದು?"

"ಇಲ್ಲ ಅಂದ್ರೆ ಅವನು ಬರೋವಾಗ ಒಬ್ಬನೇ ಅಜ್ಜಿ."

ನನ್ನ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ನೆಲದ ಮೇಲಿನ ಇದ್ದಿಲ ಗಣಿಯನ್ನು ಎಷ್ಟೋ ಹೊತ್ತು ನೋಡಿದಳು. ಶಾಫ್ಟಿನ ಬಾಯಿ ಯಾವುದು ಎಂದು ಕೇಳಿದಳು. ತೋರಿಸಿದೆವು. ಅದರ ಪಕ್ಕದಲ್ಲಿ, ಗೆರೆಯ ಮೇಲೆ ಕಾಲು ಬೀಳದ ಹಾಗೆ ಹುಷಾರಾಗಿ, ಸೀರೆ ಎತ್ತಿ ಹಿಡಿದು ಕೂತಳು.

"ಊಂ, ಬರಿ" ಅಂದಳು. "ಬೇಗ ಬರಿ. ಒಲೆ ಮ್ಯಾಲೆ ಎಸರಿಟ್ಟಿದೀನಿ."